ಪಿಎಚ್‌ಪಿಮೈಅಡ್ಮಿನ್ ರಿಪೇರಿ ದಿನಚರಿ: ಅಪ್‌ಗ್ರೇಡ್ ಕೆಡಿಸಿದ್ದು ಎರಡು, ಉಳಿದದ್ದು ನನ್ನ ಕೈ

ಸರ್ವರ್ ಚಿಕ್ಕದು. 1 ಜಿಬಿ ರ್‍ಯಾಮ್, 25 ಜಿಬಿ ಡಿಸ್ಕ್, ಒಂದೇ ಪಾರ್ಟಿಷನ್. ಅದರಲ್ಲಿ ಉಬುಂಟು 20.04, ವೆಬ್‌ಸರ್ವರ್ ಆಗಿ ಅಪಾಚೆ, ಸೈಟುಗಳ ಕೋಡ್ ಓಡಿಸಲು ಪಿಎಚ್‌ಪಿ 7.4, ಡೇಟಾಬೇಸಿಗೆ ಮೈಎಸ್‌ಕ್ಯೂಎಲ್ 8.0. ಮೂರು ಪುಟ್ಟ ಸೈಟುಗಳು. ಡೇಟಾಬೇಸನ್ನು ಬ್ರೌಸರಿನಿಂದಲೇ ನೋಡಿಕೊಳ್ಳಲು ಪಿಎಚ್‌ಪಿಮೈಅಡ್ಮಿನ್ 4.9.5, ಉಬುಂಟು ಪ್ಯಾಕೇಜಿನಿಂದಲೇ ಹಾಕಿದ್ದು.

20.04ರ ಸಾಮಾನ್ಯ ಸಪೋರ್ಟ್ 2025ರ ಮೇ ತಿಂಗಳಿಗೆ ಮುಗಿಯಿತು. ಆಮೇಲೂ ಕೆಲವು ತಿಂಗಳು ಹಾಗೇ ತಳ್ಳಿದೆ. ಕೊನೆಗೊಂದು ಶುಕ್ರವಾರ ರಾತ್ರಿ ಕೂತು 22.04ಕ್ಕೆ ಏರಿಸಿದೆ. ಶುಕ್ರವಾರ ರಾತ್ರಿಯೇ ಯಾಕೆ ಅಂತ ಕೇಳಬೇಡಿ. ಅಪ್‌ಗ್ರೇಡಿಗೆ ಮುಂಚೆ ಎಲ್ಲ ಡೇಟಾಬೇಸುಗಳ ಡಂಪ್ (ಪೂರ್ತಿ ನಕಲು) ತೆಗೆದು ಬೇರೆ ಕಡೆ ಇಟ್ಟಿದ್ದೆ. ಈ ಇಡೀ ಕಥೆಯಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅದು. ಬಹಳ ಹೊತ್ತಿನವರೆಗೆ ಅದೊಂದೇ.

ಹಣ ಖರ್ಚಾಗಲಿಲ್ಲ. ಸಮಯ ಹದಿಮೂರು ಗಂಟೆ ಹತ್ತಿರ ಹೋಯಿತು.

ಶುಕ್ರವಾರ, ರಾತ್ರಿ 9:30. ಅಪಾಚೆ ಏಳಲಿಲ್ಲ

ಅಪ್‌ಗ್ರೇಡಿಗೆ ಒಂದೂವರೆ ಗಂಟೆ ಹಿಡಿಯಿತು. ಮಧ್ಯೆ ಕಾನ್ಫಿಗ್ ಫೈಲ್ ಹಳೆಯದೇ ಇರಲಾ, ಹೊಸದು ಹಾಕಲಾ ಎಂದು ಹಲವು ಸಲ ಕೇಳಿತು. ಓದದೆ ಎಂಟರ್ ಒತ್ತುತ್ತಾ ಹೋದೆ. ಹಳೆಯವೇ ಉಳಿದವು. ಕೊನೆಯಲ್ಲಿ ಬೇಡದ ಪ್ಯಾಕೇಜು ತೆಗೆಯಲಾ ಎಂದಿತು. ಹೂಂ ಅಂದೆ. ರೀಬೂಟ್.

ಎಸ್‌ಎಸ್‌ಎಚ್ (ದೂರದಿಂದ ಸರ್ವರಿನೊಳಗೆ ಹೋಗುವ ದಾರಿ) ಬಂತು, ಮೈಎಸ್‌ಕ್ಯೂಎಲ್ ಎದ್ದಿತ್ತು. ಅಪಾಚೆ ಮಾತ್ರ ಇಲ್ಲ. ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕೇಳಿದಾಗ ಕಾರಣ ನೇರವಾಗಿಯೇ ಇತ್ತು: ಪಿಎಚ್‌ಪಿ 7.4ರ ಮಾಡ್ಯೂಲ್ ಫೈಲ್ ಸಿಗುತ್ತಿಲ್ಲ. ಪ್ಯಾಕೇಜು ಹೋಗಿದೆ, ಅದನ್ನು ಲೋಡ್ ಮಾಡು ಅನ್ನುವ ಸಾಲು ಮಾತ್ರ ಉಳಿದಿದೆ.

"ಎ2ಡಿಸ್‌ಮಾಡ್ ಪಿಎಚ್‌ಪಿ7.4" ಕೊಟ್ಟೆ. ಅಪಾಚೆ ರೀಸ್ಟಾರ್ಟ್. ಹಸಿರು ಬಣ್ಣದಲ್ಲಿ "ರನ್ನಿಂಗ್". ಎರಡೇ ನಿಮಿಷದ ಕೆಲಸ ಎಂದು ಬೀಗಿದೆ.

9:50. ಪರದೆ ಮೇಲೆ ಬರೀ ಕೋಡ್

ಬ್ರೌಸರಿನಲ್ಲಿ ಪಿಎಚ್‌ಪಿಮೈಅಡ್ಮಿನ್ ತೆರೆದೆ. ಲಾಗಿನ್ ಪುಟದ ಬದಲು ಪಿಎಚ್‌ಪಿ ಕೋಡ್, ಅಕ್ಷರಕ್ಕಕ್ಷರ. ಹಳೆಯ ಮಾಡ್ಯೂಲ್ ತೆಗೆದಿದ್ದೆ, ಹೊಸದನ್ನು ಹಾಕಿರಲಿಲ್ಲ. ಅಪಾಚೆಗೆ ಪಿಎಚ್‌ಪಿ ಅಂದರೇನು ಅಂತಲೇ ಗೊತ್ತಿಲ್ಲದ ಸ್ಥಿತಿ. ಫೈಲನ್ನು ಹಾಗೇ ಎತ್ತಿ ಕೊಡುತ್ತಿತ್ತು.

ಆ ಕ್ಷಣಕ್ಕೆ ಅಪಾಚೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಇನ್ನೊಂದು ಸೈಟ್ ತೆರೆದು ಅಲ್ಲೂ ಹೀಗೇನಾ ಎಂದು ನೋಡಿದೆ. ಹುಡುಕಾಡಿದೆ. 14 ನಿಮಿಷ ಕಳೆದ ಮೇಲೆ ತಲೆಗೆ ಹೊಳೆಯಿತು: ಸೈಟುಗಳ ಕಾನ್ಫಿಗ್ ಫೈಲಿನ ವಿಳಾಸ ಯಾರಾದರೂ ಟೈಪ್ ಮಾಡಿದರೆ ಡೇಟಾಬೇಸ್ ಪಾಸ್‌ವರ್ಡ್ ಅವರ ಕೈಗೆ! ಪಿಎಚ್‌ಪಿಮೈಅಡ್ಮಿನ್‌ನ ಕಾನ್ಫಿಗ್ ಇರುವುದು /ಇಟಿಸಿ ಒಳಗೆ, ಅದು ಸುರಕ್ಷಿತ. ನನ್ನ ಸೈಟುಗಳದ್ದು ವೆಬ್ ಫೋಲ್ಡರಿನಲ್ಲೇ ಇತ್ತು. ಆಗ ಅಪಾಚೆ ನಿಲ್ಲಿಸಿದೆ.

ಸರಿಮಾಡಲು ಬೇಕಾಗಿದ್ದದ್ದು ಒಂದು ಸಾಲು: "ಎ2ಎನ್‌ಮಾಡ್ ಪಿಎಚ್‌ಪಿ8.1". ಪ್ಯಾಕೇಜು ಆಗಲೇ ಬಂದು ಕೂತಿತ್ತು. ಅಪ್‌ಗ್ರೇಡಿನ ಲಾಗ್ /ವಾರ್/ಲಾಗ್/ಡಿಸ್ಟ್-ಅಪ್‌ಗ್ರೇಡ್ ಫೋಲ್ಡರಿನಲ್ಲಿ ಇರುತ್ತದೆ. ತೆರೆದು ನೋಡಿದರೆ ಅಲ್ಲೇ ಬರೆದಿತ್ತು: 7.4 ಮಾಡ್ಯೂಲ್ ಈಗಾಗಲೇ ಎನೇಬಲ್ ಆಗಿದೆ, ಆದ್ದರಿಂದ 8.1 ಎನೇಬಲ್ ಮಾಡುತ್ತಿಲ್ಲ. ನಾನು ಎಂಟರ್ ಒತ್ತುತ್ತಿದ್ದಾಗ ಕಣ್ಣೆದುರೇ ಹಾದುಹೋದ ಸಾಲು ಅದು.

10:40. ಪಾಸ್‌ವರ್ಡ್ ಬದಲಾವಣೆ, ಮತ್ತು ಇಲ್ಲಿಂದ ಶುರುವಾದ ಅವಾಂತರ

ಆಕ್ಸೆಸ್ ಲಾಗ್ ನೋಡಿದೆ. ಆ 14 ನಿಮಿಷದಲ್ಲಿ ಕಾನ್ಫಿಗ್ ಫೈಲ್ ಯಾರೂ ಕೇಳಿರಲಿಲ್ಲ. ಆದರೂ ಮನಸ್ಸು ತಡೆಯಲಿಲ್ಲ, ಎಲ್ಲ ಪಾಸ್‌ವರ್ಡ್ ಬದಲಿಸಿಬಿಡೋಣ ಅನ್ನಿಸಿತು. ನಿರ್ಧಾರ ಸರಿ. ಮಾಡಿದ ರೀತಿ ತಪ್ಪು.

ಮೂರು ಸೈಟಿಗೆ ಮೂರು ಯೂಸರ್, ನನಗೊಂದು ಅಡ್ಮಿನ್ ಯೂಸರ್. ನಾಲ್ಕು ಸಾಲು ಕೈಯಲ್ಲಿ ಟೈಪ್ ಮಾಡಿದ್ದರೆ ಮುಗಿಯುತ್ತಿತ್ತು. ನಾನು ಸೋಮಾರಿ. ಮೈಎಸ್‌ಕ್ಯೂಎಲ್‌ನ ಯೂಸರ್ ಪಟ್ಟಿಯನ್ನೇ ತೆಗೆದು, ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಮತ್ತು ಮೈಎಸ್‌ಕ್ಯೂಎಲ್‌ನ ಒಳಗಿನ ಯೂಸರುಗಳನ್ನು ಬಿಟ್ಟು, ಉಳಿದವರಿಗೆಲ್ಲ ಹೊಸ ಪಾಸ್‌ವರ್ಡ್ ಹಾಕುವ ಪುಟ್ಟ ಸ್ಕ್ರಿಪ್ಟ್ ಬರೆದೆ. ಓಡಿಸಿದಾಗ "ಆರು ಯೂಸರ್ ಬದಲಾಯಿತು" ಅಂದಿತು.

ಆರು! ನಾಲ್ಕಿರಬೇಕಿತ್ತಲ್ಲ? ಆ ಪ್ರಶ್ನೆ ಆಗ ಬರಲೇ ಇಲ್ಲ.

ಸೈಟುಗಳ ಕಾನ್ಫಿಗ್‌ನಲ್ಲಿ ಹೊಸ ಪಾಸ್‌ವರ್ಡ್ ಬರೆದೆ, ಮೂರೂ ತೆರೆದವು. ಪಿಎಚ್‌ಪಿಮೈಅಡ್ಮಿನ್ ಈಗ 5.1.1. ಅಡ್ಮಿನ್ ಯೂಸರಿನಲ್ಲಿ ಲಾಗಿನ್ ಆಯಿತು. ಪುಟದ ಕೆಳಗೆ ಕೆಂಪು ಪಟ್ಟಿಯಲ್ಲಿ ಏನೋ "ಕಂಟ್ರೋಲ್‌ಯೂಸರ್" ಅಂತಿತ್ತು. ನಾಳೆ ನೋಡಿದರಾಯಿತು ಎಂದು ಮಲಗಿದೆ.

ಶನಿವಾರ, ಬೆಳಗ್ಗೆ 10:00. ಲಾಗಿನ್ ಪುಟವೇ ಬರುತ್ತಿಲ್ಲ

ರಾತ್ರಿ ನಡೆದದ್ದು ಬೆಳಗ್ಗೆ ನಡೆಯುತ್ತಿಲ್ಲ. ಉದ್ದದ ಎರರ್ ಪೆಟ್ಟಿಗೆ. ಸಾರಾಂಶ ಹೀಗಿತ್ತು: ಸೆಷನ್ (ಯಾರು ಲಾಗಿನ್ ಆಗಿದ್ದಾರೆ ಎಂಬ ನೆನಪು) ಶುರುಮಾಡುವಾಗ ತೊಂದರೆ, ಪಿಎಚ್‌ಪಿ ಮತ್ತು ವೆಬ್‌ಸರ್ವರ್ ಲಾಗ್ ನೋಡಿ, ಬ್ರೌಸರಿನಲ್ಲಿ ಕುಕೀ ಆನ್ ಇದೆಯಾ ನೋಡಿ. ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು.

ನನ್ನ ಕಣ್ಣು ಹಿಡಿದದ್ದು "ಕುಕೀ" ಪದವನ್ನು ಮಾತ್ರ. ಕುಕೀ ಅಳಿಸಿದೆ. ಬೇರೆ ಬ್ರೌಸರ್ ತೆರೆದೆ. ಪ್ರೈವೇಟ್ ವಿಂಡೋ. ಆಮೇಲೆ ಫೋನು. ಮುಕ್ಕಾಲು ಗಂಟೆ ಹೋಯಿತು. ನಾಲ್ಕು ಬ್ರೌಸರಿನಲ್ಲೂ ಕುಕೀ ಹಾಳಾಗುತ್ತದೆಯೇ ಅಂತ ಆಗಲಾದರೂ ಯೋಚಿಸಬೇಕಿತ್ತು, ಅಲ್ವಾ?

ಆ ಸಣ್ಣ ಸಾಲಿನಲ್ಲಿ ಇದ್ದದ್ದು: ಸೆಷನ್ ಫೈಲ್ ತೆರೆಯಲಾಗಲಿಲ್ಲ, ಡಿವೈಸ್‌ನಲ್ಲಿ ಜಾಗ ಇಲ್ಲ, ಕೋಡ್ 28.

"ಡಿಎಫ್ -ಎಚ್" ಕೊಟ್ಟೆ. 25 ಜಿಬಿಯಲ್ಲಿ 8 ಜಿಬಿ ಖಾಲಿ! ಜಾಗ ಇದೆ. ಹಾಗಾದರೆ ಎರರ್ ಸುಳ್ಳು ಹೇಳುತ್ತಿದೆ, ಇದು ಪರ್ಮಿಷನ್ ತೊಂದರೆಯೇ ಇರಬೇಕು ಎಂದು ತೀರ್ಮಾನಿಸಿದೆ. ಪರ್ಮಿಷನ್ ಆಗಿದ್ದರೆ ಕೋಡ್ 13 ಬರುತ್ತದೆ, 28 ಅಲ್ಲ. ಅದು ನನಗೆ ಗೊತ್ತಿತ್ತು ಕೂಡ. ಆದರೂ /ವಾರ್/ಲಿಬ್/ಪಿಎಚ್‌ಪಿ/ಸೆಷನ್ಸ್ ಫೋಲ್ಡರಿಗೆ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟೆ. ಏನೂ ಬದಲಾಗಲಿಲ್ಲ. 777 ಮಾತ್ರ ಹಾಗೇ ಉಳಿಯಿತು.

ಈ ಮಧ್ಯೆ ಟರ್ಮಿನಲ್ಲಿನಲ್ಲಿ ಟ್ಯಾಬ್ ಒತ್ತಿದಾಗಲೆಲ್ಲ ಕಮಾಂಡ್ ತೆಗೆದುಕೊಳ್ಳುವ ಶೆಲ್, ಅಂದರೆ ಬ್ಯಾಶ್, ಗೊಣಗುತ್ತಿತ್ತು: ಟೆಂಪ್ ಫೈಲ್ ಮಾಡಲಾಗುತ್ತಿಲ್ಲ, ಜಾಗ ಇಲ್ಲ. ಅದನ್ನು ನಾಲ್ಕು ಸಲ ನೋಡಿ ನಾಲ್ಕು ಸಲವೂ ಕಡೆಗಣಿಸಿದೆ. ಐದನೇ ಸಲ ಕೈ ನಿಂತಿತು. ಪಿಎಚ್‌ಪಿಗೂ ಬ್ಯಾಶ್‌ಗೂ ಒಂದೇ ದೂರು ಇದ್ದರೆ ತೊಂದರೆ ಪಿಎಚ್‌ಪಿಯದ್ದಲ್ಲ.

11:30. ಐನೋಡ್

"ಡಿಎಫ್ -ಐ" ಕೊಟ್ಟೆ. ಐನೋಡ್ ಬಳಕೆ 100%.

ಡಿಸ್ಕಿನಲ್ಲಿ ಜಾಗ ಒಂದು ಲೆಕ್ಕ, ಫೈಲುಗಳ ಸಂಖ್ಯೆ ಇನ್ನೊಂದು ಲೆಕ್ಕ. ಪ್ರತಿ ಫೈಲಿಗೂ ಒಂದು ಐನೋಡ್ (ಫೈಲಿನ ವಿವರ ಬರೆದಿಡುವ ದಾಖಲೆ) ಬೇಕು. ಡಿಸ್ಕನ್ನು ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡುವಾಗ ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ ಇವನ್ನು ಇಟ್ಟುಬಿಡುತ್ತದೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. 25 ಜಿಬಿಗೆ ಸುಮಾರು 16 ಲಕ್ಷ. ಅಷ್ಟೂ ಮುಗಿದಿತ್ತು.

ಎಲ್ಲಿ ಸೇರಿಕೊಂಡಿವೆ ಎಂದು ಹುಡುಕಲು "ಡಿಯು --ಐನೋಡ್ಸ್ -ಎಕ್ಸ್ /" ಕೊಟ್ಟು ಸಾರ್ಟ್ ಮಾಡಿ ಕೊನೆಯ ಹತ್ತು ಸಾಲು ನೋಡಿದೆ. ಮೂರು ಸೈಟುಗಳಲ್ಲಿ ಒಂದರ ಒಳಗೆ "ಸೆಷನ್ಸ್" ಅನ್ನುವ ಫೋಲ್ಡರ್. ಅದರಲ್ಲಿ 13 ಲಕ್ಷದ 70 ಸಾವಿರ ಚಿಲ್ಲರೆ ಫೈಲುಗಳು. ಬಹುಪಾಲಿನ ಗಾತ್ರ ಸೊನ್ನೆ. ಅದಕ್ಕೇ ಜಾಗದ ಲೆಕ್ಕದಲ್ಲಿ ಇವು ಕಾಣಲೇ ಇಲ್ಲ.

ಈ ಫೋಲ್ಡರ್ ಮಾಡಿದವನು ನಾನೇ. ಮೂರು ವರ್ಷದ ಹಿಂದೆ, ಆ ಸೈಟಿನ ಸೆಷನ್ ಬೇರೆ ಕಡೆ ಇರಲಿ ಎಂದು ಕೋಡಿನಲ್ಲಿ ಒಂದು ಸಾಲು ಸೇರಿಸಿದ್ದೆ. ಹಳೆಯ ಸೆಷನ್ ಫೈಲುಗಳನ್ನು ಪಿಎಚ್‌ಪಿ ತಾನೇ ಗುಡಿಸುತ್ತದೆ ಅಂದುಕೊಂಡಿದ್ದೆ. ಡೆಬಿಯನ್, ಉಬುಂಟುಗಳಲ್ಲಿ ಹಾಗಿಲ್ಲ. ಅಲ್ಲಿ ಪಿಎಚ್‌ಪಿಯ ಸ್ವಂತ ಗುಡಿಸುವ ಕೆಲಸಕ್ಕೆ ಸೊನ್ನೆ ಎಂದು ಬರೆದಿರುತ್ತಾರೆ. ಬದಲಿಗೆ ಅರ್ಧ ಗಂಟೆಗೊಮ್ಮೆ ಒಂದು ಟೈಮರ್ ಓಡಿ ಸ್ವಚ್ಛ ಮಾಡುತ್ತದೆ. ಆ ಟೈಮರ್ ಫೋಲ್ಡರಿನ ದಾರಿಯನ್ನು ತಿಳಿಯುವುದು ಪಿಎಚ್‌ಪಿಯ ಸೆಟ್ಟಿಂಗ್ ಫೈಲಾದ ಪಿಎಚ್‌ಪಿ.ಐಎನ್‌ಐ ನೋಡಿ. ನನ್ನ ಕೋಡಿನೊಳಗಿನ ಸಾಲು ಅದಕ್ಕೆ ಹೇಗೆ ಗೊತ್ತಾಗಬೇಕು? ಕುಕೀ ಇಟ್ಟುಕೊಳ್ಳದ ಬಾಟ್ (ತಾನಾಗಿ ಸೈಟುಗಳನ್ನು ಸುತ್ತುವ ಪ್ರೋಗ್ರಾಂ) ಒಂದೊಂದು ಸಲ ಬಂದಾಗಲೂ ಒಂದೊಂದು ಹೊಸ ಫೈಲ್. ಮೂರು ವರ್ಷ ಯಾರೂ ಗುಡಿಸಲಿಲ್ಲ. ಅಪ್‌ಗ್ರೇಡಿನ ಜೊತೆ ಬಂದ ಕರ್ನಲ್ ಹೆಡರ್‌ಗಳಲ್ಲಿ ಸಾವಿರಾರು ಸಣ್ಣ ಫೈಲುಗಳಿರುತ್ತವೆ. ಉಳಿದಿದ್ದ ಅಲ್ಪಸ್ವಲ್ಪವನ್ನು ಅವು ತಿಂದವು. ಕೊನೆಯ ತುತ್ತು ರಾತ್ರಿ ಬಂದ ಬಾಟುಗಳದ್ದು.

ಅಳಿಸುವುದೂ ಸುಲಭಕ್ಕೆ ಆಗಲಿಲ್ಲ. "ಆರ್‌ಎಂ" ಜೊತೆ ನಕ್ಷತ್ರ ಹಾಕಿದೆ, ಪಟ್ಟಿ ತುಂಬಾ ಉದ್ದ ಎಂದು ಶೆಲ್ ನಿರಾಕರಿಸಿತು. "ಫೈಂಡ್" ಕಮಾಂಡಿಗೆ 1440 ನಿಮಿಷಕ್ಕಿಂತ ಹಳೆಯ ಫೈಲುಗಳು ಎಂದು ಹೇಳಿ "-ಡಿಲೀಟ್" ಸೇರಿಸಿದೆ. ಮೊದಲು "-ಡಿಲೀಟ್" ಇಲ್ಲದೆ ಓಡಿಸಿ, ಸರಿಯಾದ ಫೋಲ್ಡರೇ ತಾನೇ ಎಂದು ಹತ್ತು ಸಾಲು ನೋಡಿಕೊಂಡೆ. ರಾತ್ರಿಯಿಡೀ ಇಲ್ಲದ ಎಚ್ಚರ ಆಗ ಎಲ್ಲಿಂದಲೋ ಬಂತು. 11 ನಿಮಿಷ ಹಿಡಿಯಿತು. ಐನೋಡ್ ಬಳಕೆ 16%ಕ್ಕೆ ಇಳಿಯಿತು. ಪಿಎಚ್‌ಪಿಮೈಅಡ್ಮಿನ್ ತಕ್ಷಣ ತೆರೆಯಿತು.

ಕೋಡಿನ ಆ ಸಾಲನ್ನು ತೆಗೆದೆ. ಈಗ ಎಲ್ಲ ಸೆಷನ್ನೂ ಡಿಫಾಲ್ಟ್ ಫೋಲ್ಡರಿಗೇ ಹೋಗುತ್ತದೆ, ಟೈಮರ್ ನೋಡಿಕೊಳ್ಳುತ್ತದೆ. ನಾನು 777 ಕೊಟ್ಟಿದ್ದ ಫೋಲ್ಡರಿನ ಸರಿಯಾದ ಪರ್ಮಿಷನ್ 1733. ಅಂದರೆ ರೂಟ್ ಬಿಟ್ಟು ಬೇರೆಯವರು ಅದರೊಳಗೆ ಫೈಲ್ ಮಾಡಬಹುದು, ಒಳಗೆ ಏನೇನಿದೆ ಎಂಬ ಪಟ್ಟಿ ನೋಡುವ ಹಾಗಿಲ್ಲ. ಫೈಲಿನ ಹೆಸರಿನಲ್ಲೇ ಸೆಷನ್ ಐಡಿ ಇರುವುದರಿಂದ ಆ ಪಟ್ಟಿ ಸಿಕ್ಕರೆ ಬೇರೆಯವರ ಲಾಗಿನ್ ಸಿಕ್ಕ ಹಾಗೆ. 777ರಿಂದ ಆ ಬಾಗಿಲನ್ನು ಒಂದೂವರೆ ಗಂಟೆ ತೆರೆದಿಟ್ಟಿದ್ದೆ. ವಾಪಸ್ 1733 ಮಾಡಿದೆ.

ಮಧ್ಯಾಹ್ನ 1:00. ಕೆಂಪು ಪಟ್ಟಿ, ಆಮೇಲೆ ಬಿಳಿ ಪುಟ

ಈಗ ನಿನ್ನೆಯ ಕೆಂಪು ಪಟ್ಟಿ ಓದಿದೆ. ಕಂಟ್ರೋಲ್‌ಯೂಸರಿನ ಕನೆಕ್ಷನ್ ಆಗುತ್ತಿಲ್ಲ, ಎರರ್ 1045, ಪಾಸ್‌ವರ್ಡ್ ತಪ್ಪು. ನನ್ನ ಸ್ಕ್ರಿಪ್ಟಿನ ಆರರಲ್ಲಿ ಐದನೆಯ ಯೂಸರ್ ಸಿಕ್ಕಿತು. ಬುಕ್‌ಮಾರ್ಕ್, ಹಿಸ್ಟರಿ ಮುಂತಾದವನ್ನು ಉಳಿಸಿಕೊಳ್ಳಲು ಪಿಎಚ್‌ಪಿಮೈಅಡ್ಮಿನ್‌ಗೆ ಅದರದ್ದೇ ಒಂದು ಡೇಟಾಬೇಸ್, ಅದರದ್ದೇ ಒಂದು ಯೂಸರ್ ಇರುತ್ತದೆ. ಅದರ ಪಾಸ್‌ವರ್ಡನ್ನೂ ಸ್ಕ್ರಿಪ್ಟ್ ಬದಲಿಸಿತ್ತು.

ಹೊಸ ಪಾಸ್‌ವರ್ಡನ್ನು /ಇಟಿಸಿ/ಪಿಎಚ್‌ಪಿಮೈಅಡ್ಮಿನ್ ಒಳಗಿನ ಕಾನ್ಫಿಗ್-ಡಿಬಿ.ಪಿಎಚ್‌ಪಿ ಫೈಲಿನಲ್ಲಿ ಅಂಟಿಸಿದೆ. ಪುಟ ಪೂರ್ತಿ ಬಿಳಿ. ಎರರ್ 500.

ಈ ಸಲ ಬ್ರೌಸರ್ ಮುಟ್ಟದೆ ನೇರ ಅಪಾಚೆಯ ಎರರ್ ಲಾಗ್ ತೆರೆದೆ. ಅದೇ ಫೈಲಿನಲ್ಲಿ ಪಾರ್ಸ್ ಎರರ್, ಸಾಲಿನ ಸಂಖ್ಯೆ ಸಮೇತ. ಸ್ಕ್ರಿಪ್ಟ್ ಹುಟ್ಟಿಸಿದ ಪಾಸ್‌ವರ್ಡ್‌ನ ನಡುವೆ ಒಂದು ಸಿಂಗಲ್ ಕೋಟ್ ಇತ್ತು. ಫೈಲಿನಲ್ಲಿ ಪಾಸ್‌ವರ್ಡ್ ಇರುವುದೂ ಸಿಂಗಲ್ ಕೋಟಿನೊಳಗೆ. ಅರ್ಧಕ್ಕೇ ಮುಗಿದುಹೋಗಿತ್ತು. ಅಕ್ಷರ, ಅಂಕಿ ಮಾತ್ರ ಇರುವ 32 ಅಕ್ಷರದ ಹೊಸ ಪಾಸ್‌ವರ್ಡ್ ಕೊಟ್ಟೆ. ಚಿಹ್ನೆ ಹಾಕಿ ಗಟ್ಟಿ ಮಾಡುವುದಕ್ಕಿಂತ ಉದ್ದ ಮಾಡುವುದೇ ಇಂಥ ಕಡೆ ವಾಸಿ.

ಪುಟ ಬಂತು. ಆದರೆ ಆ ಫೈಲಿನ ತಲೆಯಲ್ಲೇ ಒಂದು ಟಿಪ್ಪಣಿ ಇತ್ತು: ಇದು /ಇಟಿಸಿ/ಡಿಬಿಕಾನ್ಫಿಗ್-ಕಾಮನ್ ಒಳಗಿನ ಪಿಎಚ್‌ಪಿಮೈಅಡ್ಮಿನ್.ಕಾನ್ಫ್ ನಿಂದ ತಾನಾಗಿ ತಯಾರಾದದ್ದು. ಅಲ್ಲಿ ಬದಲಿಸದಿದ್ದರೆ ಮುಂದೆಂದೋ ರೀಕಾನ್ಫಿಗರ್ ಮಾಡಿದಾಗ ಹಳೆಯ ಪಾಸ್‌ವರ್ಡ್ ಮತ್ತೆ ಬಂದು ಕೂರುತ್ತದೆ. ಎರಡೂ ಕಡೆ ಬದಲಿಸಿದೆ. ಕೆಂಪು ಪಟ್ಟಿ ಹೋಯಿತು.

3:00. ಇಂಪೋರ್ಟ್

ಇಷ್ಟೆಲ್ಲ ಆದ ಮೇಲೆ ಅಸಲಿ ಕೆಲಸಕ್ಕೆ ಬಂದೆ. ಒಂದು ಸೈಟಿಗೆ 38 ಎಂಬಿ ಎಸ್‌ಕ್ಯೂಎಲ್ ಫೈಲ್ ತುಂಬಬೇಕಿತ್ತು. ಇಂಪೋರ್ಟ್ ಪುಟದಲ್ಲಿ ಗರಿಷ್ಠ 2,048 ಕೆಬಿ ಎಂದಿತ್ತು. ಮೊದಲು 64 ಎಂಬಿ ಇತ್ತಲ್ಲ? ಇತ್ತು, 7.4ರ ಪಿಎಚ್‌ಪಿ.ಐಎನ್‌ಐನಲ್ಲಿ. 8.1ಕ್ಕೆ ಬೇರೆ ಫೋಲ್ಡರ್, ಬೇರೆ ಫೈಲ್, ಎಲ್ಲ ಡಿಫಾಲ್ಟ್. ಅಪ್‌ಗ್ರೇಡ್ ಕೆಡಿಸಿದ ಎರಡನೆಯದು ಇದು. ಮೊದಲನೆಯದು ಅಪಾಚೆ ಏಳದಿದ್ದದ್ದು.

ಟರ್ಮಿನಲ್ಲಿನಲ್ಲಿ "ಪಿಎಚ್‌ಪಿ --ಐಎನ್‌ಐ" ಕೇಳಿದೆ, ಅದು ತೋರಿಸಿದ ಫೈಲನ್ನು ತಿದ್ದಿದೆ. ರೀಸ್ಟಾರ್ಟ್. ಆದರೂ 2,048. ಇನ್ನೊಮ್ಮೆ ರೀಸ್ಟಾರ್ಟ್. ಅದೇ. ಟರ್ಮಿನಲ್ ತೋರಿಸುವುದು ಟರ್ಮಿನಲ್ಲಿನ ಫೈಲ್, ಅಂದರೆ ಸಿಎಲ್‌ಐ ಫೋಲ್ಡರಿನದ್ದು. ವೆಬ್‌ಗೆ ಬೇಕಿದ್ದದ್ದು ಪಕ್ಕದ ಅಪಾಚೆ2 ಫೋಲ್ಡರಿನದ್ದು. ಅದನ್ನು ತಿದ್ದಿ ಅಪ್‌ಲೋಡ್ ಮಿತಿ 64 ಎಂಬಿ ಮಾಡಿದೆ. ಈಗ 8,192 ಕೆಬಿ ಅಂದಿತು. ಪೋಸ್ಟ್ ಮಿತಿ (ಬ್ರೌಸರ್ ಒಮ್ಮೆಗೆ ಕಳಿಸಬಹುದಾದ ಒಟ್ಟು ಡೇಟಾ) ಇನ್ನೂ 8 ಎಂಬಿಯಲ್ಲೇ ಇತ್ತು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕ. ಪೋಸ್ಟ್ ಮಿತಿ 80 ಎಂಬಿ ಮಾಡಿದ ಮೇಲೆ ಸರಿಯಾಯಿತು.

ಫೈಲ್ ಹಾಕಿ ಕಾದೆ. ಐದು ನಿಮಿಷದ ಮೇಲೆ ಸಮಯ ಮೀರಿತು ಎಂದು ಅರ್ಧಕ್ಕೇ ನಿಂತಿತು. ಸಾಕು ಎನಿಸಿತು. ಅರ್ಧ ತುಂಬಿದ ಟೇಬಲುಗಳನ್ನು ಅಳಿಸಿ, ಫೈಲನ್ನು ಎಸ್‌ಸಿಪಿಯಲ್ಲಿ ಸರ್ವರಿಗೆ ಕಳಿಸಿ, ಟರ್ಮಿನಲ್ಲಿನಿಂದಲೇ ಮೈಎಸ್‌ಕ್ಯೂಎಲ್‌ಗೆ ತುಂಬಿಸಿದೆ. 40 ಸೆಕೆಂಡ್. ಮಿತಿ ಏರಿಸಲು ಹೋದ ಒಂದು ಗಂಟೆ ಸುಮ್ನೆ ದಂಡ. ದೊಡ್ಡ ಫೈಲಿಗೆ ಬ್ರೌಸರ್ ಹಿಡಿದು ಗುದ್ದಾಡುವುದರಲ್ಲಿ ಅರ್ಥವಿಲ್ಲ.

ಭಾನುವಾರ. ಬಾಗಿಲು ಹಾಕಿದ್ದು

ಶುಕ್ರವಾರ ರಾತ್ರಿ ಆಕ್ಸೆಸ್ ಲಾಗ್ ನೋಡುವಾಗ ಕಂಡದ್ದು ತಲೆಯಲ್ಲಿತ್ತು. ಪಿಎಚ್‌ಪಿಮೈಅಡ್ಮಿನ್, ಪಿಎಂಎ, ಮೈಎಸ್‌ಕ್ಯೂಎಲ್ ಎಂದು ಬೇರೆ ಬೇರೆ ವಿಳಾಸ ಹಾಕಿ ಬಾಟುಗಳು ದಿನವಿಡೀ ತಟ್ಟುತ್ತಿದ್ದವು. ಇದನ್ನು ಬಳಸುವವನು ನಾನೊಬ್ಬನೇ. ಜಗತ್ತಿಗೆಲ್ಲ ಯಾಕೆ ತೆರೆದಿಡಬೇಕು?

ಅಪಾಚೆ ಕಾನ್ಫಿಗ್‌ನಲ್ಲಿ "ರಿಕ್ವೈರ್ ಲೋಕಲ್" ಹಾಕಿದೆ, ಅಂದರೆ ಸರ್ವರಿನ ಒಳಗಿನಿಂದ ಬಂದವರಿಗೆ ಮಾತ್ರ ಪ್ರವೇಶ. ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಟನಲ್ ಮಾಡಿ, ನನ್ನ 8080 ಪೋರ್ಟನ್ನು ಸರ್ವರಿನ 80ಕ್ಕೆ ಜೋಡಿಸಿದೆ. ತೆರೆದರೆ ಎರರ್ 403, ಪ್ರವೇಶವಿಲ್ಲ. ಕಾರಣ ತಿಳಿಯಲು ಅರ್ಧ ಗಂಟೆ ಹಿಡಿಯಿತು. 80ಕ್ಕೆ ಬಂದವರನ್ನೆಲ್ಲ ಎಚ್‌ಟಿಟಿಪಿಎಸ್ ವಿಳಾಸಕ್ಕೆ ಕಳಿಸುವ ನಿಯಮ ನಾನೇ ಬರೆದಿದ್ದೆ. ಟನಲ್ಲಿನಲ್ಲಿ ಒಳಗೆ ಹೋದವನನ್ನು ಅದು ಮುಂಬಾಗಿಲಿಗೆ ಕಳಿಸುತ್ತಿತ್ತು, ಮುಂಬಾಗಿಲಿನಲ್ಲಿ ನಾನು ಹೊರಗಿನವನು.

127.0.0.1ರ (ಸರ್ವರ್ ತನ್ನನ್ನೇ ಕರೆಯುವ ವಿಳಾಸ) 8081 ಪೋರ್ಟಿನಲ್ಲಿ ಮಾತ್ರ ಕೇಳುವ ಪ್ರತ್ಯೇಕ ವರ್ಚುವಲ್ ಹೋಸ್ಟ್ ಮಾಡಿ, ಪಿಎಚ್‌ಪಿಮೈಅಡ್ಮಿನ್ ಕಾನ್ಫಿಗನ್ನು ಅದರೊಳಗೆ ಮಾತ್ರ ಸೇರಿಸಿದೆ. ಎಲ್ಲ ಸೈಟಿಗೂ ಅನ್ವಯವಾಗುತ್ತಿದ್ದದ್ದನ್ನು ತೆಗೆದೆ. ಟನಲ್ 8081ಕ್ಕೆ. ಈಗ ಹೊರಗಿನಿಂದ ಆ ವಿಳಾಸ ಹಾಕಿದರೆ 404, ಅಂಥ ಪುಟವೇ ಇಲ್ಲ.

ಒಂದು ವಾರದ ನಂತರ. ಆರನೆಯ ಯೂಸರ್

ಮುಂದಿನ ಶನಿವಾರ ಬೇರೆ ಏನೋ ನೋಡಲು ಒಳಗೆ ಹೋದೆ. ಅಭ್ಯಾಸವಿಲ್ಲದಿದ್ದರೂ "ಸಿಸ್ಟಮ್‌ಸಿಟಿಎಲ್ --ಫೇಲ್ಡ್" ಕೊಟ್ಟೆ. ಸೋತ ಕೆಲಸಗಳ ಪಟ್ಟಿಯಲ್ಲಿ ಒಂದು ಸಾಲು: ಹಳೆಯ ಲಾಗ್‌ಗಳನ್ನು ಸರಿಸಿಡುವ ಲಾಗ್‌ರೊಟೇಟ್. ವಾರವಿಡೀ ಪ್ರತಿದಿನ ಸೋತಿದೆ. ಜರ್ನಲ್ ನೋಡಿದರೆ "ಡೆಬಿಯನ್-ಸಿಸ್-ಮೇಂಟ್" ಯೂಸರಿಗೆ ಮೈಎಸ್‌ಕ್ಯೂಎಲ್ ಪ್ರವೇಶ ನಿರಾಕರಿಸುತ್ತಿದೆ.

ಅಲ್ಲಿ ಸಿಕ್ಕಿತು ಆರನೆಯದು. ಇದು ಸಿಸ್ಟಮ್ ತನ್ನ ಕೆಲಸಕ್ಕೆ ಇಟ್ಟುಕೊಂಡಿರುವ ಯೂಸರ್. ಪಾಸ್‌ವರ್ಡ್ /ಇಟಿಸಿ/ಮೈಎಸ್‌ಕ್ಯೂಎಲ್/ಡೆಬಿಯನ್.ಸಿಎನ್‌ಎಫ್ ಫೈಲಿನಲ್ಲಿ ಇರುತ್ತದೆ. ಸ್ಕ್ರಿಪ್ಟ್ ಮೈಎಸ್‌ಕ್ಯೂಎಲ್ ಒಳಗೆ ಬದಲಿಸಿತ್ತು, ಫೈಲಿನಲ್ಲಿ ಹಳೆಯದೇ ಇತ್ತು. ಫೈಲನ್ನು ಮುಟ್ಟದೆ, ಅದರಲ್ಲಿದ್ದ ಪಾಸ್‌ವರ್ಡನ್ನೇ ಮೈಎಸ್‌ಕ್ಯೂಎಲ್‌ನಲ್ಲಿ ವಾಪಸ್ ಕೊಟ್ಟೆ. ಲಾಗ್‌ರೊಟೇಟ್ ಕೈಯಿಂದ ಓಡಿಸಿದೆ, ತಕರಾರಿಲ್ಲದೆ ಮುಗಿಯಿತು. "--ಫೇಲ್ಡ್" ಪಟ್ಟಿ ಖಾಲಿ.

ಸ್ಕ್ರಿಪ್ಟ್ ಇನ್ನೂ ಹೋಮ್ ಫೋಲ್ಡರಿನಲ್ಲೇ ಇತ್ತು, ಆರೂ ಪಾಸ್‌ವರ್ಡ್ ಬರೆದುಕೊಂಡ ಫೈಲಿನ ಸಮೇತ. ಎರಡನ್ನೂ ಅಳಿಸಿದೆ.